ಮುದನೂರಿನ ಮಗ್ಗ: ಕಾಯಕ ತತ್ತ್ವವೂ ಇಂದಿನ ಉದ್ಯೋಗಜೀವನವೂ

1

ಈಚಿನ ಕೆಲವು ದಶಕಗಳಲ್ಲಿ ಉದ್ಯೋಗಜೀವನವನ್ನು ಕುರಿತು ಹೊರಡುತ್ತಿರುವ ಬರವಣಿಗೆಯಲ್ಲಿ ಮೂರು ಎಳೆಗಳು ಒಂದರೊಡನೊಂದು ಹೆಣೆದುಕೊಂಡಿರುವುದನ್ನು ಯಾರಾದರೂ ಗುರುತಿಸಬಹುದು. ಮೊದಲನೆಯದು, ಇನ್ನೊಬ್ಬರ ಕೈಕೆಳಗೆ ದುಡಿಯುವುದಕ್ಕಿಂತ ತನ್ನ ಕಲ್ಪನಾಶಕ್ತಿಯಿಂದ ಹೊಸತೊಂದನ್ನು ನಿರ್ಮಿಸಿ ತಾನೇ ಉದ್ಯಮಿಯಾಗುವುದು ಮೇಲೆಂಬ ನಂಬಿಕೆ. ಎರಡನೆಯದು, ಆ ದುಡಿಮೆಗೆ ಬೇಕಾದ ಏಕಾಗ್ರತೆ, ಸಮಚಿತ್ತ, ನಿರ್ಲಿಪ್ತತೆಗಳನ್ನು ಬೌದ್ಧ, ವೇದಾಂತ, ಝೆನ್ ಮೊದಲಾದ ಪೌರ್ವಾತ್ಯ ದರ್ಶನಗಳಿಂದ ಪಡೆಯಬಹುದೆಂಬ ಭರವಸೆ. ಮೂರನೆಯದು, ಇವೆರಡನ್ನೂ ಸಾಧ್ಯಗೊಳಿಸುವ ಸಾಧನವು ಯಂತ್ರವಿದ್ಯೆಯೇ, ಅದರಲ್ಲಿಯೂ ಗಣಕಯಂತ್ರವೇ ಎಂಬ ನಿಶ್ಚಯ.

ಕನ್ನಡ ನಾಡಿನಲ್ಲಿ ಈ ಮೂರು ಎಳೆಗಳನ್ನೂ ಒಟ್ಟಿಗೆ ಹಿಡಿಯಲು ಬಳಕೆಯಾಗುತ್ತಿರುವ ಶಬ್ದವು ಕಾಯಕ. ಕಾಯಕವನ್ನು ಕೈಲಾಸಕ್ಕೆ ಸಮನಾಗಿಸುವ ಮಾತನ್ನು ನಾವು ಕಚೇರಿಯ ಗೋಡೆಗಳ ಮೇಲೆ, ಕಾರ್ಖಾನೆಗಳ ಹೆಬ್ಬಾಗಿಲುಗಳಲ್ಲಿ, ನಿರ್ವಹಣಾ ಶಾಸ್ತ್ರದ ತರಗತಿಗಳಲ್ಲಿ ನಿತ್ಯವೂ ಕಾಣುತ್ತೇವೆ. ಅದು ಬಸವಣ್ಣನವರ ಮಾತೆಂದು ಜನರು ತಿಳಿದಿದ್ದಾರೆ. ಆದರೆ ವಚನಗಳ ಪಾಠವನ್ನು ನೋಡಿದರೆ ಅದು ದೊರೆಯುವುದು ಆಯ್ದಕ್ಕಿ ಮಾರಯ್ಯನ ವಚನವೊಂದರಲ್ಲಿ. ಕಾಯಕದಲ್ಲಿ ಮುಳುಗಿದವನು ಗುರುವಿನ ದರ್ಶನವನ್ನು, ಲಿಂಗದ ಪೂಜೆಯನ್ನು, ಎದುರಿಗೆ ಬಂದು ನಿಂತ ಜಂಗಮನ ಹಂಗನ್ನು ಮರೆತರೂ ತಪ್ಪಿಲ್ಲವೆಂಬುದು ಅಲ್ಲಿಯ ಭಾವ. ಚೆಲ್ಲಿದ ಅಕ್ಕಿಯನ್ನು ಆಯ್ದು ಬದುಕುತ್ತಿದ್ದವನೊಬ್ಬನು ಗುರು, ಲಿಂಗ, ಜಂಗಮರೆಂಬ ಹಿರಿಯ ಅಧಿಕಾರಗಳ ಮುಂದೆ ನಿಂತು ತನ್ನ ದುಡಿಮೆಯ ಘನತೆಯನ್ನು ಸಾರಿದ ಮಾತು ಅದು. ಅದೇ ಮಾತನ್ನು ಧಣಿಯು ಆಳಿಗೆ ಹೇಳಿದಾಗ ಶಬ್ದಗಳು ಹಾಗೆಯೇ ಉಳಿದರೂ ಅರ್ಥವು ತಲೆಕೆಳಗಾಗುತ್ತದೆ. ಯಾರು ಯಾರಿಗೆ ಹೇಳಿದರು ಎಂಬುದನ್ನು ಬಿಟ್ಟು ವಚನವನ್ನು ಓದುವುದು ಅಪಾಯಕರವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಾಗಿಲ್ಲ.

ಪ್ರಕೃತ ಲೇಖನವು ಈ ಶಬ್ದವನ್ನು ಅದರ ಮೂಲಸ್ಥಾನಗಳಲ್ಲೊಂದಾದ ಸುರಪುರ ಸೀಮೆಗೆ ಮರಳಿಸಿ, ಅಲ್ಲಿಯ ನೇಕಾರನೊಬ್ಬನ ವಚನದ ಬೆಳಕಿನಲ್ಲಿ ಇಂದಿನ ಉದ್ಯೋಗಜೀವನದ ಮಾತುಗಳನ್ನು ಪರಿಶೀಲಿಸುವ ಪ್ರಯತ್ನ. ಮಾಡಿದ ವಸ್ತುವು ಯಾರದು, ಅದರ ಫಲವು ಎಲ್ಲಿಗೆ ಸೇರಬೇಕು ಎಂಬ ಪ್ರಶ್ನೆಯು ಕಾಯಕ ತತ್ತ್ವದ ಒಳಗೇ ಇದೆಯೆಂದೂ, ಆ ಪ್ರಶ್ನೆಯನ್ನು ಕಳಚಿಹಾಕಿದ ಮೇಲೆ ಉಳಿಯುವುದು ದುಡಿಸಿಕೊಳ್ಳುವವರಿಗೆ ಅನುಕೂಲವಾದ ಒಂದು ಘೋಷಣೆ ಮಾತ್ರವೆಂದೂ ನಮ್ಮ ಪ್ರತಿಪಾದನೆ.

2

ಜೇಡರ ದಾಸಿಮಯ್ಯನ ಊರು ಸುರಪುರ ಸೀಮೆಯ ಮುದನೂರು. ಅವನ ವಚನಗಳ ಅಂಕಿತ ರಾಮನಾಥ; ಮುದನೂರಿನಲ್ಲಿ ರಾಮನಾಥನ ಗುಡಿಯೂ ಇದೆ. ವೃತ್ತಿಯಿಂದ ಅವನು ನೇಕಾರ. ಅವನ ಮಡದಿ ದುಗ್ಗಳೆಯೂ ವಚನಗಳನ್ನು ರಚಿಸಿದವಳು. ಚಾಲುಕ್ಯ ಜಯಸಿಂಹನ ರಾಣಿ ಸುಗ್ಗಲದೇವಿಯ ಗುರುವೆಂದು ಹೆಸರಾದ ದೇವರ ದಾಸಿಮಯ್ಯನೂ ಈತನೂ ಒಬ್ಬನೆಯೋ ಇಬ್ಬರೋ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ದೀರ್ಘವಾದ ಚರ್ಚೆ ನಡೆದಿದೆ. ಆ ಚರ್ಚೆಯನ್ನು ಇಲ್ಲಿ ಎತ್ತಿಕೊಳ್ಳುವ ಆವಶ್ಯಕತೆಯಿಲ್ಲ. ರಾಮನಾಥ ಅಂಕಿತದ ವಚನಗಳನ್ನು ಬರೆದವನು ಮಗ್ಗವನ್ನು ಬಲ್ಲವನೆಂಬುದು ವಚನಗಳಿಂದಲೇ ಸಿದ್ಧವಾಗುತ್ತದೆ. ಬಸವಣ್ಣನವರು ತಮ್ಮ ವಚನಗಳಲ್ಲಿ ದಾಸಿಮಯ್ಯನನ್ನು ಗೌರವದಿಂದ ಸ್ಮರಿಸಿರುವುದರಿಂದ ಅವನ ಹಿರಿತನವೂ ವ್ಯಕ್ತವಾಗುತ್ತದೆ. ನಮ್ಮ ವಿಷಯಕ್ಕೆ ಇಷ್ಟು ಸಾಕು.

ದಾಸಿಮಯ್ಯನ ವಚನಗಳಲ್ಲಿ ಮಗ್ಗದ ಕೆಲಸವನ್ನೇ ವಸ್ತುವಾಗುಳ್ಳ ಒಂದು ಚಿಕ್ಕ ವಚನವಿದೆ. ಉಂಕಿಯನ್ನು ಹರಡಿ ಬಿಗಿಮಾಡುವುದರಿಂದ ತೊಡಗಿ, ಎಳೆಗಳನ್ನು ಸಮಗೊಳಿಸುವುದು, ಕಾಲಿನ ಕೆಲಸ, ಲಾಳಿಯ ಓಟ ಇವನ್ನೆಲ್ಲ ಅವನು ಕೆಲಸದ ಕ್ರಮದಲ್ಲಿಯೇ ಹೇಳುತ್ತ ಹೋಗುತ್ತಾನೆ. ಲಾಳಿಯೊಳಗಿನ ಮುಳ್ಳು ತಾನು ಹೊತ್ತ ಕಂಡಿಕೆಯನ್ನೇ ಕಬಳಿಸಿತೆಂಬ ಒಗಟಿನಂತಹ ಚಿತ್ರವೊಂದು ನಡುವೆ ಬರುತ್ತದೆ. ಕಡೆಗೆ, ಸಿದ್ಧವಾದ ಸೀರೆಯನ್ನು ಮುಂದಿಟ್ಟುಕೊಂಡು ಇದು ತನ್ನ ನೇಯ್ಗೆಯೋ ದೇವರ ನೇಯ್ಗೆಯೋ ಎಂದು ರಾಮನಾಥನನ್ನೇ ಕೇಳಿ ವಚನವನ್ನು ಮುಗಿಸುತ್ತಾನೆ. ಉತ್ತರವಿಲ್ಲ.

ಈ ವಚನವನ್ನು ಸಾಮಾನ್ಯವಾಗಿ ಅಹಂಕಾರನಿರಸನದ ನಿದರ್ಶನವೆಂದು ಅರ್ಥೈಸುವುದು ರೂಢಿ. ಎಲ್ಲವೂ ದೇವರ ಕೃತಿ, ತಾನು ನಿಮಿತ್ತಮಾತ್ರನೆಂದು ಭಕ್ತನು ಕೈಮುಗಿಯುತ್ತಾನೆಂಬುದು ಆ ಅರ್ಥ. ಅದು ತಪ್ಪೆನ್ನಲಾಗದು, ಆದರೆ ಅಪೂರ್ಣ. ನೇಕಾರನು ನಿಜವಾಗಿಯೂ ನಿಮಿತ್ತಮಾತ್ರನಾಗಿದ್ದರೆ ಪ್ರಶ್ನೆಯನ್ನು ಕೇಳುವ ಅಗತ್ಯವೇ ಇರಲಿಲ್ಲ, ಹೇಳಿಕೆಯೊಂದೇ ಸಾಕಾಗಿತ್ತು. ಇಷ್ಟೊಂದು ಕೈಚಳಕವನ್ನು ಹಂತಹಂತವಾಗಿ ಎಣಿಸಿ ತೋರಿಸಿದ ಮೇಲೆ ಕೇಳುವ ಪ್ರಶ್ನೆಯಲ್ಲಿ ವಿನಯದ ಜೊತೆಗೆ ಕುಶಲಕರ್ಮಿಯ ಹೆಮ್ಮೆಯೂ ಇದೆ. ಎರಡು ಪಕ್ಷಗಳೂ ಸಮಬಲವಾಗಿರುವಾಗ ಮಾತ್ರ ಅಂತಹ ಪ್ರಶ್ನೆಗೆ ಅರ್ಥವುಂಟು.

ಉತ್ತರ ಹಿಂದುಸ್ಥಾನದ ಮತ್ತೊಬ್ಬ ನೇಕಾರ ಕವಿ ಕಬೀರನೊಡನೆ ಹೋಲಿಸಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಕಬೀರನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಹೊದಿಕೆಯ ಹಾಡಿನಲ್ಲಿ ಬಟ್ಟೆಯು ಮೊದಲಿನಿಂದಲೇ ದೇಹದ ಸಂಕೇತ. ಕೇಳುವವನ ಮನಸ್ಸು ಬಟ್ಟೆಯನ್ನು ದಾಟಿ ಬೇಗನೆ ಆತ್ಮವಿಚಾರಕ್ಕೆ ಹೋಗುತ್ತದೆ. ದಾಸಿಮಯ್ಯನ ವಚನದಲ್ಲಿ ಸೀರೆಯು ಕೊನೆಯವರೆಗೂ ಸೀರೆಯಾಗಿಯೇ ಉಳಿಯುತ್ತದೆ. ಅದನ್ನು ಯಾರೋ ಉಡುವರು, ಯಾರೋ ಮಾರುವರು. ತತ್ತ್ವವು ಉಪಕರಣವನ್ನು ಬಿಟ್ಟು ಮೇಲಕ್ಕೆ ಹಾರದೆ ಉಪಕರಣದ ನಡುವಿನಿಂದಲೇ ಹುಟ್ಟುತ್ತದೆ. ಎ. ಕೆ. ರಾಮಾನುಜನ್ ಅವರು 1973ರಲ್ಲಿ ಪ್ರಕಟಿಸಿದ ವಚನಾನುವಾದಗಳ ಸಂಕಲನಕ್ಕೆ ನಾಲ್ವರು ವಚನಕಾರರನ್ನು ಆರಿಸಿಕೊಂಡಾಗ ಬಸವಣ್ಣ, ಅಲ್ಲಮ, ಮಹಾದೇವಿಯಕ್ಕರ ಸಾಲಿನಲ್ಲಿ ದಾಸಿಮಯ್ಯನಿಗೂ ಸ್ಥಾನ ಕೊಟ್ಟರು. ಗಾತ್ರದಲ್ಲಿ ಕಿರಿದಾದ ಅವನ ವಚನಗಳಿಗೆ ಜಗತ್ತಿನ ಓದುಗರು ಕಿವಿಗೊಟ್ಟುದಕ್ಕೆ ಈ ವಸ್ತುನಿಷ್ಠೆಯೂ ಒಂದು ಕಾರಣವೆನ್ನಲಡ್ಡಿಯಿಲ್ಲ.

3

ಮಾಡಿದುದು ಯಾರದು ಎಂಬ ಪ್ರಶ್ನೆಯಿಂದ ಅದರ ಫಲವು ಯಾರಿಗೆ ಎಂಬ ಪ್ರಶ್ನೆಗೆ ಒಂದೇ ಹೆಜ್ಜೆ. ಶರಣರ ಪರಂಪರೆಯು ಈ ಹೆಜ್ಜೆಯನ್ನು ಕಥೆಗಳ ಮೂಲಕ ಇಟ್ಟಿದೆ.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ಎಲ್ಲರೂ ಬಲ್ಲರು. ಗಂಡನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅವಳು ಅದನ್ನು ಒಪ್ಪದೆ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳುತ್ತಾಳೆ. ಆಸೆಯು ಅರಸರಿಗೆ ಇರತಕ್ಕದ್ದು, ಭಕ್ತರಿಗೆ ಸಲ್ಲದೆಂಬುದು ಅವಳ ನಿಲುವು. ನುಲಿಯ ಚಂದಯ್ಯನ ಪ್ರಸಂಗದಲ್ಲಿ ಹುಲ್ಲು ಕೊಯ್ಯುವಾಗ ಜಾರಿಬಿದ್ದ ಇಷ್ಟಲಿಂಗಕ್ಕೂ ಕಾಯಕವು ತಪ್ಪದೆಂಬ ವಾದವು ಬರುತ್ತದೆ. ಮೊದಲನೆಯದು ಸಂಗ್ರಹಕ್ಕೆ ಮಿತಿಯನ್ನು ಹೇಳಿದರೆ, ಎರಡನೆಯದು ದುಡಿಮೆಯಿಂದ ವಿನಾಯಿತಿ ಪಡೆದ ಹಿರಿಯರು ಯಾರೂ ಇಲ್ಲವೆಂದು ಹೇಳುತ್ತದೆ.

ದಾಸಿಮಯ್ಯನನ್ನು ಕುರಿತ ಐತಿಹ್ಯವು ಇವೆರಡಕ್ಕಿಂತಲೂ ಮಾರ್ಮಿಕವಾದುದು. ತಾನು ಬಹುಕಾಲ ಶ್ರಮಿಸಿ ನೆಯ್ದ ವಸ್ತ್ರವನ್ನು ಜಂಗಮ ವೇಷದಿಂದ ಬಂದ ಶಿವನಿಗೆ ಅವನು ಒಪ್ಪಿಸಿದನು. ಶಿವನು ಅದನ್ನು ಹರಿದು ಚೂರುಮಾಡಿದರೂ ನೊಂದುಕೊಳ್ಳಲಿಲ್ಲ. ಮೆಚ್ಚಿದ ಶಿವನು ಅವನಿಗೆ ಎಂದಿಗೂ ತೀರದ ತವನಿಧಿಯನ್ನು ಅನುಗ್ರಹಿಸಿದನು. ಸಾಮಾನ್ಯ ಭಕ್ತಕಥೆಯಾಗಿದ್ದರೆ ಇಲ್ಲಿಗೇ ಮುಗಿಯಬೇಕಾಗಿತ್ತು. ಆದರೆ ಪರಂಪರೆಯು ಮುಂದುವರಿದು, ತವನಿಧಿಯಿಂದ ದಾಸಿಮಯ್ಯನಲ್ಲಿ ತಾನು ಕೊಡುವವನೆಂಬ ಗರ್ವವು ತಲೆದೋರಿತೆಂದೂ, ಶಂಕರ ದಾಸಿಮಯ್ಯನೆಂಬ ಮತ್ತೊಬ್ಬ ಶರಣನಿಂದ ಆ ಗರ್ವವು ಮುರಿಯಿತೆಂದೂ ಹೇಳುತ್ತದೆ. ದಾಸೋಹಕ್ಕೂ ದಾನಕ್ಕೂ ಇರುವ ಅಂತರವನ್ನು ಈ ಉತ್ತರಕಥೆಯು ಬಹಳ ಸೂಕ್ಷ್ಮವಾಗಿ ತೋರಿಸಿದೆ. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ಮಗ್ಗದ ಮುಂದೆ ಕೂತು ಇದು ನನ್ನದೋ ನಿನ್ನದೋ ಎಂದು ಕೇಳಿದವನು, ತೀರದ ಸಂಪತ್ತು ಕೈಗೆ ಬಂದೊಡನೆ ಆ ಪ್ರಶ್ನೆಯನ್ನು ಮರೆತನೆಂದು ಕಥೆಯ ಧ್ವನಿ.

ಹೀಗಿರಲು, ಕಾಯಕ ತತ್ತ್ವಕ್ಕೆ ಮೂರು ಅಂಗಗಳುಂಟೆಂದು ಹೇಳಬಹುದು: ತನ್ನ ಕೈಯ ಶುದ್ಧವಾದ ಕೆಲಸ, ಗಳಿಕೆಗೆ ಮಿತಿ, ಮಿಕ್ಕುದರ ದಾಸೋಹ. ಮ್ಯಾಕ್ಸ್ ವೆಬರನು 1904-05ರಲ್ಲಿ ಪ್ರಾಟೆಸ್ಟಂಟ್ ಧರ್ಮದ ದುಡಿಮೆಯ ನೀತಿಗೂ ಬಂಡವಾಳದ ಬೆಳವಣಿಗೆಗೂ ಸಂಬಂಧವನ್ನು ಕಲ್ಪಿಸಿದ ಮೇಲೆ, ಕಾಯಕವನ್ನು ಅದಕ್ಕೆ ಹೋಲಿಸುವುದು ನಮ್ಮಲ್ಲಿ ಪ್ರಚಾರಕ್ಕೆ ಬಂದಿದೆ. ದುಡಿಮೆಯನ್ನು ಪವಿತ್ರವೆಂದು ಬಗೆಯುವವರೆಗೆ ಎರಡಕ್ಕೂ ಸಾಮ್ಯವುಂಟು. ಮುಂದೆ ದಾರಿಗಳು ಬೇರೆಯಾಗುತ್ತವೆ. ವೆಬರನು ವರ್ಣಿಸಿದ ಭಕ್ತನು ಭೋಗಿಸದೆ ಉಳಿಸುತ್ತಾನೆ, ಉಳಿಸಿದುದನ್ನು ಮತ್ತೆ ಉದ್ಯಮಕ್ಕೆ ಹಾಕುತ್ತಾನೆ. ಲಕ್ಕಮ್ಮನ ಮನೆಯಲ್ಲಿ ನಾಳೆಗೆ ಉಳಿಯುವ ಅಕ್ಕಿಯೇ ಇಲ್ಲ.

ಈ ತತ್ತ್ವಕ್ಕೆ ಇರುವ ಆಕ್ಷೇಪಗಳನ್ನು ಮರೆಮಾಚಬಾರದು. ಕಾಯಕಗಳಲ್ಲಿ ಮೇಲುಕೀಳಿಲ್ಲವೆಂದು ಶರಣರು ಸಾರಿದರೂ, ಅನೇಕ ಶರಣರ ಹೆಸರಿಗೆ ಅಂಟಿಕೊಂಡಿರುವ ಕಾಯಕವು ಹುಟ್ಟಿನಿಂದ ಬಂದ ವೃತ್ತಿಯೇ ಆಗಿದೆ. ಕೆಲಸವನ್ನು ಪೂಜ್ಯವೆಂದು ಹೇಳುವುದು, ಕೆಲಸವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಕೊಟ್ಟಂತೆ ಆಗದು. ಇಂದು ಕಾಯಕವನ್ನು ಕೊಂಡಾಡುವವರು ಈ ಕೊರತೆಯನ್ನು ತುಂಬಿಕೊಂಡೇ ಮಾತನಾಡಬೇಕಾಗುತ್ತದೆ.

4

ಇನ್ನು ಪಶ್ಚಿಮ ದೇಶಗಳಲ್ಲಿ ಪೌರ್ವಾತ್ಯ ದರ್ಶನವು ಉದ್ಯೋಗಜೀವನವನ್ನು ಪ್ರವೇಶಿಸಿದ ಬಗೆಯನ್ನು ನೋಡೋಣ. 1979ರಲ್ಲಿ ಜಾನ್ ಕಬಾಟ್-ಜಿನ್ ಎಂಬವರು ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಬೌದ್ಧ ಧ್ಯಾನಕ್ರಮವನ್ನು ಆಧರಿಸಿದ ಚಿಕಿತ್ಸಾ ಶಿಕ್ಷಣವನ್ನು ಆರಂಭಿಸಿದರು. ನೋವಿನಿಂದ ನರಳುವ ರೋಗಿಗಳಿಗೆ ಅದರಿಂದ ಸಮಾಧಾನ ದೊರೆಯಿತು. 2007ರ ಹೊತ್ತಿಗೆ ಅದೇ ಬಗೆಯ ಧ್ಯಾನವು ಗೂಗಲ್ ಕಂಪನಿಯ ನೌಕರರ ಶಿಕ್ಷಣಕ್ರಮದಲ್ಲಿ ಸೇರಿತು. ಅದನ್ನು ರೂಪಿಸಿದ ಚೇಡ್-ಮೆಂಗ್ ಟಾನ್ ಅವರು ಸ್ವತಃ ಗಣಕಕ್ರಮಗಳನ್ನು ರಚಿಸುವ ಎಂಜಿನಿಯರು. ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್ ಅವರು ಝೆನ್ ಗುರು ಕೋಬುನ್ ಚಿನೊ ಅವರ ಬಳಿ ಅಭ್ಯಾಸ ಮಾಡಿದುದೂ ಲೋಕಪ್ರಸಿದ್ಧ.

ಈ ಬೆಳವಣಿಗೆಯಿಂದ ಉಪಕಾರವಾಗಿಲ್ಲವೆಂದು ಹೇಳುವುದು ನ್ಯಾಯವಲ್ಲ. ದಣಿದ ಮನಸ್ಸಿಗೆ ವಿಶ್ರಾಂತಿ ಬೇಕು, ಅದು ಯಾವ ದರ್ಶನದಿಂದ ಬಂದರೂ ಸ್ವಾಗತವೇ. ಆದರೆ ಇಲ್ಲಿ ದರ್ಶನದ ಯಾವ ಭಾಗವನ್ನು ಎತ್ತಿಕೊಂಡರು, ಯಾವ ಭಾಗವನ್ನು ಬಿಟ್ಟರು ಎಂಬುದು ವಿಮರ್ಶಕನು ಕೇಳತಕ್ಕ ಪ್ರಶ್ನೆ. ರೊನಾಲ್ಡ್ ಪರ್ಸರ್ ಅವರು 2019ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನೇ ಆಕ್ಷೇಪಿಸಿದರು: ಬಳಲಿಕೆಯ ಕಾರಣವು ಕೆಲಸದ ವ್ಯವಸ್ಥೆಯಲ್ಲಿರುವಾಗ, ಅದನ್ನು ಸರಿಪಡಿಸುವ ಹೊಣೆಯನ್ನು ಬಳಲಿದವನ ಮನಸ್ಸಿನ ಮೇಲೆಯೇ ಹೊರಿಸಲಾಗುತ್ತಿದೆಯೆಂಬುದು ಅವರ ವಾದದ ಸಾರ. ಕಾಯಕದ ಪರಿಭಾಷೆಯಲ್ಲಿ ಹೇಳುವುದಾದರೆ, ಮೊದಲನೆಯ ಅಂಗವಾದ ಏಕಾಗ್ರವಾದ ಕೆಲಸವನ್ನು ಇಟ್ಟುಕೊಂಡು ಮಿತಿ, ದಾಸೋಹಗಳೆಂಬ ಉಳಿದೆರಡು ಅಂಗಗಳನ್ನು ಕೈಬಿಡಲಾಗಿದೆ. ಇದಕ್ಕೆ ಮೊದಲೇ, 1973ರ ತಮ್ಮ ಗ್ರಂಥದಲ್ಲಿ ಇ. ಎಫ್. ಶೂಮಾಕರರು ಬೌದ್ಧ ಅರ್ಥಶಾಸ್ತ್ರವನ್ನು ಕುರಿತು ಬರೆಯುವಾಗ ಮಿತಿಯ ವಿಚಾರವನ್ನೇ ಮುಂದಕ್ಕೆ ತಂದಿದ್ದರು. ದರ್ಶನವನ್ನು ಪೂರ್ತಿಯಾಗಿ ತೆಗೆದುಕೊಳ್ಳುವುದು ಅಸಾಧ್ಯವೇನೂ ಆಗಿರಲಿಲ್ಲವೆಂಬುದಕ್ಕೆ ಅದು ಸಾಕ್ಷಿ.

ಯಂತ್ರವಿದ್ಯೆಯ ಕಡೆಗೆ ತಿರುಗಿದರೆ ನಮಗೆ ಮತ್ತೆ ಮಗ್ಗವೇ ಎದುರಾಗುತ್ತದೆ. ಫ್ರಾನ್ಸಿನ ಜಕಾರ್ಡನು 1804ರಲ್ಲಿ ರೂಪಿಸಿದ ಮಗ್ಗದಲ್ಲಿ ರಂಧ್ರಗಳುಳ್ಳ ರಟ್ಟಿನ ಪಟ್ಟಿಗಳು ಯಾವ ಎಳೆ ಏಳಬೇಕು, ಯಾವುದು ಕೆಳಗಿರಬೇಕು ಎಂಬುದನ್ನು ನಿರ್ಧರಿಸುತ್ತಿದ್ದವು. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜನು ತಾನು ಕಲ್ಪಿಸಿದ ಗಣಕಯಂತ್ರಕ್ಕೆ ಅದೇ ಪಟ್ಟಿಗಳನ್ನು ಅಳವಡಿಸಲು ಯೋಚಿಸಿದನು. 1843ರಲ್ಲಿ ಆ ಯಂತ್ರವನ್ನು ಕುರಿತು ಟಿಪ್ಪಣಿಗಳನ್ನು ಬರೆದ ಏಡಾ ಲವ್‌ಲೇಸಳು ಜಕಾರ್ಡನ ಮಗ್ಗವು ಹೂವು ಎಲೆಗಳನ್ನು ನೆಯ್ಯುವಂತೆ ಇದು ಬೀಜಗಣಿತದ ವಿನ್ಯಾಸಗಳನ್ನು ನೆಯ್ಯುವುದೆಂಬ ಹೋಲಿಕೆಯನ್ನು ಕೊಟ್ಟಳು. ಇಂದಿನ ಗಣಕಯಂತ್ರಗಳ ವಂಶಾವಳಿಯಲ್ಲಿ ಮಗ್ಗಕ್ಕೂ ಒಂದು ಸ್ಥಾನವಿರುವುದರಿಂದ, ನೇಕಾರನ ಪ್ರಶ್ನೆಯನ್ನು ಗಣಕಯಂತ್ರದ ಮುಂದಿಡುವುದು ಬಲವಂತದ ಹೋಲಿಕೆಯಾಗದು.

ಜಪಾನಿನಲ್ಲಿ ಸಕಿಚಿ ಟೊಯೋಡಾ ಅವರು 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗವು ಈ ಚರಿತ್ರೆಯ ಇನ್ನೊಂದು ಕವಲು. ಎಳೆ ಹರಿದೊಡನೆ ಆ ಮಗ್ಗವು ತಾನಾಗಿಯೇ ನಿಂತುಬಿಡುತ್ತಿತ್ತು. ಕೆಟ್ಟ ಬಟ್ಟೆಯನ್ನು ನೆಯ್ಯುತ್ತ ಹೋಗುವುದಕ್ಕಿಂತ ನಿಲ್ಲುವುದು ಮೇಲೆಂಬ ಈ ನಿಯಮವೇ ಮುಂದೆ ಟೊಯೋಟಾ ಮೋಟಾರು ಕಾರ್ಖಾನೆಯ ಕಾರ್ಯವಿಧಾನದ ಆಧಾರಗಳಲ್ಲೊಂದಾಯಿತು. ಶುದ್ಧವಾದ ಕೆಲಸವೆಂಬ ಕಾಯಕದ ಅಂಗವನ್ನು ಯಂತ್ರಕ್ಕೆ ಕಲಿಸಿದಂತಾಯಿತೆಂದು ಇದನ್ನು ಮೆಚ್ಚಬಹುದು. ಅದೇ ಮಗ್ಗದಿಂದ ಒಬ್ಬನೇ ಕೆಲಸಗಾರನು ಅನೇಕ ಮಗ್ಗಗಳನ್ನು ನೋಡಿಕೊಳ್ಳುವುದು ಸಾಧ್ಯವಾಯಿತು. ಮಿಕ್ಕ ಕೆಲಸಗಾರರು ಎಲ್ಲಿಗೆ ಹೋಗಬೇಕೆಂಬುದಕ್ಕೆ ಯಂತ್ರದಲ್ಲಿ ಉತ್ತರವಿರಲಿಲ್ಲ. ನಮ್ಮ ಇಳಕಲ್ಲಿನಲ್ಲಿ, ಗುಳೇದಗುಡ್ಡದಲ್ಲಿ ವಿದ್ಯುತ್ ಮಗ್ಗಗಳು ಬಂದ ಮೇಲೆ ಕೈಮಗ್ಗದ ನೇಕಾರರು ಇದೇ ಪ್ರಶ್ನೆಯನ್ನು ಎದುರಿಸಿದರು. ಸೆರಗನ್ನೂ ಒಡಲನ್ನೂ ಕೊಂಡಿಯಿಂದ ಜೋಡಿಸುವ ಇಳಕಲ್ ಸೀರೆಯ ಕೈಗೆಲಸವನ್ನು ಉಳಿಸಬೇಕೆಂಬ ಮಾತನ್ನು ಎಲ್ಲರೂ ಆಡುತ್ತಾರೆ. ಅದನ್ನು ನೆಯ್ಯುವವನ ದಿನದ ಗಳಿಕೆಯ ಮಾತನ್ನು ಎತ್ತುವವರು ಕಡಿಮೆ.

5

ಸೃಜನಶೀಲ ಉದ್ಯಮ, ದರ್ಶನ, ಯಂತ್ರವಿದ್ಯೆ ಈ ಮೂರೂ ಕೂಡಿದ ನಿದರ್ಶನವು ನಮ್ಮ ನೆರೆಯಲ್ಲಿಯೇ ಇದ್ದಿತು. ಸುರಪುರದ ನೆರೆಯ ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (1880-1964) ತಾಳೆಗರಿಗಳಲ್ಲಿ ಹುದುಗಿದ್ದ ವಚನಗಳನ್ನು ಸಂಗ್ರಹಿಸಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಬೆಳಕಿಗೆ ತಂದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಮುಂದಿನ ವರ್ಷ ಶಿವಾನುಭವ ಪತ್ರಿಕೆಯನ್ನೂ ಅದರ ಮುಂದಿನ ವರ್ಷ ನವಕರ್ನಾಟಕವನ್ನೂ ಆರಂಭಿಸಿದರು. ಇದಕ್ಕೂ ಮೊದಲೇ ವಿಜಾಪುರದಲ್ಲಿ ಶಿಕ್ಷಣಸಂಸ್ಥೆಯ, ಬ್ಯಾಂಕಿನ ಸ್ಥಾಪನೆಗಳಲ್ಲಿ ಅವರು ಮುಂದಾಳಾಗಿದ್ದರು. ಮುದ್ರಣಾಲಯಕ್ಕಾಗಿ ಮನೆಯನ್ನೇ ಮಾರಿದರೆಂಬುದು ಅವರ ಚರಿತ್ರೆಯನ್ನು ಬರೆದವರೆಲ್ಲರೂ ಹೇಳುವ ಸಂಗತಿ.

ಇಲ್ಲಿ ನಾವು ಗಮನಿಸತಕ್ಕ ಅಂಶಗಳು ಎರಡು. ಒಂದನೆಯದಾಗಿ, ಅಂದಿನ ವಿಜಾಪುರಕ್ಕೆ ಸೀಸದ ಅಚ್ಚುಮೊಳೆಗಳ ಮುದ್ರಣಯಂತ್ರವು ಹೊಸ ಯಂತ್ರವಿದ್ಯೆಯೇ ಆಗಿತ್ತು. ಹಳಕಟ್ಟಿಯವರು ಅದನ್ನು ವಚನಗಳ ಪ್ರಸಾರಕ್ಕೆಂದು ಹಿಡಿದರು. ಕೆಲವು ಮಠಗಳ, ಕೆಲವು ಮನೆತನಗಳ ಸೊತ್ತಾಗಿದ್ದ ಗ್ರಂಥವು ಯಾವ ಓದುಗನಿಗಾದರೂ ಸಿಕ್ಕುವಂತಾಯಿತು. ಇಂದು ದಾಸಿಮಯ್ಯನ ಮಗ್ಗದ ವಚನವನ್ನು ನಾವು ತರಗತಿಯಲ್ಲಿ ಓದುವುದಾದರೆ ಅದರ ಹಿಂದೆ ಅವರ ಮುದ್ರಣಾಲಯದ ಶ್ರಮವೂ ಇದೆ. ಸಾಧನ, ಕೃತಿ, ದಾಸೋಹಗಳು ಇಲ್ಲಿ ಒಂದೇ ಕೆಲಸದಲ್ಲಿ ಕೂಡಿಕೊಂಡವು.

ಎರಡನೆಯದಾಗಿ, ಈ ನಿದರ್ಶನವನ್ನು ಎಲ್ಲರಿಗೂ ಮಾದರಿಯೆಂದು ಬೋಧಿಸುವ ಮೊದಲು ಸ್ವಲ್ಪ ಯೋಚಿಸಬೇಕು. ಮಾರಲು ಮನೆಯಿದ್ದವರು ಮನೆಯನ್ನು ಮಾರಬಲ್ಲರು. ಹಳಕಟ್ಟಿಯವರ ತ್ಯಾಗವು ಅವರು ತಾವಾಗಿ ಆರಿಸಿಕೊಂಡ ತ್ಯಾಗ. ಆದುದರಿಂದಲೇ ಅದು ದಾಸೋಹ. ಅದೇ ತ್ಯಾಗವನ್ನು ನೌಕರನಿಂದ ನಿರೀಕ್ಷಿಸಿ, ಅವನ ಹೆಚ್ಚುವರಿ ಗಂಟೆಗಳನ್ನು ಕಾಯಕನಿಷ್ಠೆಯೆಂದು ಹೊಗಳಿ ವೇತನವಿಲ್ಲದೆ ಪಡೆದುಕೊಂಡರೆ, ಹೆಸರು ಮಾತ್ರ ಹಳೆಯದು, ವ್ಯವಹಾರವು ಬೇರೆ.

ಸುರಪುರದ ಚರಿತ್ರೆಯಲ್ಲಿಯೇ ಇದಕ್ಕೆ ಪ್ರತಿಯಾದ ಉದಾಹರಣೆಯುಂಟು. ಇಲ್ಲಿಯ ನಾಯಕ ಅರಸರ ಆಶ್ರಯದಲ್ಲಿ ಚಿನ್ನದ ಲೇಪವುಳ್ಳ ಸೂಕ್ಷ್ಮ ಚಿತ್ರಗಳ ಕಲೆಯೊಂದು ಬೆಳೆಯಿತು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕನ ಬಂಡಾಯವು ಅಡಗಿ ಸಂಸ್ಥಾನವು ಅಳಿದ ಮೇಲೆ ಆ ಕಲಾವಿದರಿಗೆ ಹಿಂದಿನ ಆಧಾರವು ಉಳಿಯಲಿಲ್ಲ. ಸೃಜನಶಕ್ತಿಯು ಎಷ್ಟೇ ಹಿರಿದಾದರೂ ಅದರ ಜೀವನಾಧಾರವು ಒಬ್ಬ ಧಣಿಯ ಕೈಯಲ್ಲಿರುವವರೆಗೆ ಅದು ಸ್ವತಂತ್ರ ಉದ್ಯಮವಾಗದು. ಅರಸನ ಸ್ಥಾನದಲ್ಲಿ ಇಂದು ದೊಡ್ಡ ಕಂಪನಿಯೋ ಬಂಡವಾಳ ಹೂಡುವವರೋ ನಿಂತಿದ್ದರೆ, ಉದ್ಯಮಶೀಲನೆಂದು ಕರೆಸಿಕೊಳ್ಳುವ ತರುಣನ ಸ್ಥಿತಿಯು ಆ ಚಿತ್ರಕಾರನ ಸ್ಥಿತಿಗಿಂತ ಎಷ್ಟು ಭಿನ್ನವೆಂದು ಕೇಳಿಕೊಳ್ಳಬೇಕಾಗಿದೆ.

6

ದಾಸಿಮಯ್ಯನ ಸೀಮೆಯ ಇಂದಿನ ಸ್ಥಿತಿಯನ್ನು ನೋಡದೆ ಈ ವಿಚಾರವನ್ನು ಮುಗಿಸುವಂತಿಲ್ಲ. ಸುರಪುರವಿರುವ ಯಾದಗಿರಿ ಜಿಲ್ಲೆಯು ಗುಲ್ಬರ್ಗಾದಿಂದ ಬೇರೆಯಾದುದು 2009ರ ಕೊನೆಯಲ್ಲಿ. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇಕಡ 51.83, ರಾಜ್ಯದಲ್ಲಿಯೇ ಅತ್ಯಂತ ಕಡಿಮೆ. ನಾರಾಯಣಪುರದ ಅಣೆಕಟ್ಟಿನ ಎಡದಂಡೆ ಕಾಲುವೆಯಿಂದ ಸುರಪುರ, ಶಹಾಪುರಗಳ ಕೆಲವು ಭಾಗಗಳಿಗೆ ನೀರು ಬಂದಿದೆಯಾದರೂ, ನೀರು ಮುಟ್ಟದ ಊರುಗಳಿಂದ ವರ್ಷವರ್ಷವೂ ಜನರು ಬೆಂಗಳೂರು, ಮುಂಬಯಿ, ಪುಣೆಗಳಿಗೆ ಗುಳೆ ಹೋಗುತ್ತಾರೆ. ಧ್ಯಾನದ ಕೊಠಡಿಗಳಿರುವ ಕಚೇರಿಗಳ ಗೋಡೆಗಳನ್ನು ಕಟ್ಟುವ ಕೈಗಳಲ್ಲಿ ಈ ಸೀಮೆಯ ಕೈಗಳೂ ಇವೆ. ಆ ಗೋಡೆಯ ಮೇಲೆ ಕಾಯಕದ ಘೋಷಣೆಯನ್ನು ಬರೆಯಿಸುವವರು ಗೋಡೆಯನ್ನು ಕಟ್ಟಿದವರ ದುಡಿಮೆಯನ್ನು ಯಾವ ಹೆಸರಿನಿಂದ ಕರೆಯುತ್ತಾರೆ?

ನಗರ ಸೇರಿದ ಯುವಕರಲ್ಲಿ ಹಲವರು ಮೊಬೈಲಿನ ಆಜ್ಞೆಯಂತೆ ಊಟವನ್ನೂ ಸಾಮಾನುಗಳನ್ನೂ ಮನೆಮನೆಗೆ ತಲುಪಿಸುವ ಕೆಲಸದಲ್ಲಿದ್ದಾರೆ. ಕಂಪನಿಗಳು ಇವರನ್ನು ನೌಕರರೆನ್ನದೆ ಸಹಭಾಗಿಗಳೆಂದು ಕರೆಯುತ್ತವೆ. ಉದ್ಯಮಶೀಲತೆಯ ಪರಿಭಾಷೆಯು ಇಲ್ಲಿ ಹೊಣೆಯನ್ನು ಕಳಚಿಕೊಳ್ಳುವ ಉಪಾಯವಾಗಿದೆ. 2025ರಲ್ಲಿ ಕರ್ನಾಟಕವು ಇಂತಹ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಕಾಯ್ದೆಯನ್ನು ಮಾಡಿ, ಕಾರ್ಮಿಕನಿಗೆ ಸಲ್ಲುವ ಪಾವತಿಯ ಮೇಲೆ ಶೇಕಡ 1ರಿಂದ 5ರವರೆಗಿನ ಶುಲ್ಕವನ್ನು ಕಂಪನಿಗಳು ಕಲ್ಯಾಣನಿಧಿಗೆ ಕೊಡಬೇಕೆಂದು ವಿಧಿಸಿತು. ಇದನ್ನು ದಾಸೋಹವೆನ್ನಲಾಗದು, ಏಕೆಂದರೆ ದಾಸೋಹವು ಕಾನೂನಿನ ಬಲದಿಂದ ನಡೆಯುವಂತಹುದಲ್ಲ. ಆದರೂ ಫಲದಲ್ಲಿ ದುಡಿದವನಿಗೆ ಪಾಲುಂಟೆಂಬುದನ್ನು ಅದು ಒಪ್ಪಿದೆ. ಅದಕ್ಕೆ ಒಂದು ವರ್ಷ ಮೊದಲು, 2024ರ ಜನವರಿಯಲ್ಲಿ, ಇದೇ ರಾಜ್ಯವು ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿತ್ತು. ಎರಡು ಕೃತ್ಯಗಳಲ್ಲಿ ಬಸವಣ್ಣನವರಿಗೆ ಹತ್ತಿರವಾದುದು ಯಾವುದೆಂದು ವಿದ್ಯಾರ್ಥಿಗಳು ಚರ್ಚಿಸಬಹುದು.

ಇದಕ್ಕಿಂತಲೂ ಹೊಸತಾದುದು ಕೃತಕ ಬುದ್ಧಿಮತ್ತೆಯ ಯಂತ್ರಗಳು ಎಬ್ಬಿಸಿರುವ ಸಮಸ್ಯೆ. ಕೇಳಿದೊಡನೆ ಇವು ಲೇಖನವನ್ನು, ಚಿತ್ರವನ್ನು, ಗಣಕಕ್ರಮವನ್ನು ರಚಿಸಿಕೊಡುತ್ತವೆ. ಹೀಗೆ ದೊರೆತ ಕೃತಿಯು ಕೇಳಿದವನದೋ, ಯಂತ್ರವನ್ನು ಕಟ್ಟಿದ ಕಂಪನಿಯದೋ, ಯಂತ್ರಕ್ಕೆ ನೂಲಾಗಿ ಒದಗಿದ ಅಸಂಖ್ಯ ಬರಹಗಾರರದೋ? ಮುದನೂರಿನ ನೇಕಾರನ ಪ್ರಶ್ನೆಯೇ ಇಲ್ಲಿ ರೂಪಾಂತರವನ್ನು ಪಡೆದಿದೆ. ಒಂದು ಭೇದವನ್ನು ಮಾತ್ರ ಮರೆಯಲಾಗದು. ದಾಸಿಮಯ್ಯನು ಉಂಕಿಯಿಂದ ಲಾಳಿಯವರೆಗಿನ ಪ್ರತಿಯೊಂದು ಹಂತವನ್ನೂ ಬಲ್ಲವನಾಗಿ, ತನ್ನ ಪಾಲಿನ ಕೆಲಸವನ್ನು ಪೂರ್ತಿಯಾಗಿ ಮಾಡಿದ ಮೇಲೆ ಆ ಪ್ರಶ್ನೆಯನ್ನು ಕೇಳಿದನು. ಒಂದೂ ಹಂತವನ್ನರಿಯದೆ ಗುಂಡಿಯನ್ನು ಒತ್ತಿದವನಿಗೆ ಅದೇ ಪ್ರಶ್ನೆಯನ್ನು ಅದೇ ಅಧಿಕಾರದಿಂದ ಕೇಳಲು ಬರುವುದಿಲ್ಲ. ವಿದ್ಯಾರ್ಥಿಯು ಯಂತ್ರವನ್ನು ಬಳಸಬಾರದೆಂದು ಇದರಿಂದ ಸಿದ್ಧವಾಗದು, ನೇಕಾರನೂ ಯಂತ್ರವನ್ನೇ ಬಳಸಿದವನು. ಬಳಸುವ ಯಂತ್ರದ ಎಳೆಗಳು ಎಲ್ಲಿಂದ ಬಂದವೆಂಬ ಅರಿವು ಅವನಿಗಿರಬೇಕೆಂದಷ್ಟೇ ಸಿದ್ಧವಾಗುತ್ತದೆ.

ಕೊನೆಯದಾಗಿ, ವಚನ ಸಾಹಿತ್ಯವನ್ನು ಬೋಧಿಸುವವರ ಮುಂದೆ ಒಂದು ಸೂಚನೆ. ದಾಸಿಮಯ್ಯನ ಮಗ್ಗದ ವಚನದಲ್ಲಿ ಬರುವ ಪಾರಿಭಾಷಿಕ ಶಬ್ದಗಳೆಲ್ಲಕ್ಕೂ ನಿಘಂಟುಗಳಿಂದ ತೃಪ್ತಿಕರವಾದ ಅರ್ಥವು ದೊರೆಯುವುದಿಲ್ಲ. ಅಣಿ, ಸಮಗಾಲು ಮೊದಲಾದ ಮಾತುಗಳನ್ನು ಕುಣಿಮಗ್ಗದಲ್ಲಿ ಕುಳಿತು ನೆಯ್ಯುವವರನ್ನು ಕೇಳಿ ನಿರ್ಧರಿಸುವುದೇ ಸರಿಯಾದ ಮಾರ್ಗ. ಅಂತಹ ನೇಕಾರರು ಇಳಕಲ್, ಗುಳೇದಗುಡ್ಡಗಳ ಕಡೆ ಇನ್ನೂ ಇದ್ದಾರೆ. ಅವರ ಮಕ್ಕಳಲ್ಲಿ ಮಗ್ಗಕ್ಕೆ ಕೂರುವವರು ಕಡಿಮೆಯಾಗುತ್ತಿದ್ದಾರೆ. ನಮ್ಮ ವಿಭಾಗಗಳ ವಿದ್ಯಾರ್ಥಿಗಳು ಮಗ್ಗದ ಬಳಿಗೆ ಹೋಗಿ, ಉಪಕರಣಗಳ ಹೆಸರುಗಳನ್ನೂ ಕೆಲಸದ ಕ್ರಮವನ್ನೂ ನೇಕಾರರ ಬಾಯಿಂದಲೇ ಬರೆದುಕೊಂಡು, ಚಿತ್ರಗಳೊಡನೆ ಒಂದು ಪದಕೋಶವನ್ನು ಸಿದ್ಧಪಡಿಸಿದರೆ ವಚನಗಳ ಅರ್ಥನಿರ್ಣಯಕ್ಕೆ ಬಹಳ ಉಪಕಾರವಾಗುವುದು. ಆ ಕೋಶದ ಮೊದಲ ಪುಟದಲ್ಲಿ, ಮಾಹಿತಿಯನ್ನು ಕೊಟ್ಟವರೆಂದಲ್ಲದೆ ಕರ್ತೃಗಳೆಂದೇ ಆ ನೇಕಾರರ ಹೆಸರುಗಳನ್ನು ಅಚ್ಚುಹಾಕಿಸತಕ್ಕದ್ದು.